ಕಮಿಷನ್ ಕೊಂಡವರು, ಸೀಟು ಕೊಂಡವರು: ನಮ್ಮ ಮಳೆಗಾಲದ ಸಿನಿಮಾ ಕೂಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿರಾಜಪೇಟೆ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಬಿಡುವುದು ಸೆಪ್ಟೆಂಬರಿಗೇ. ತೋಟಕ್ಕೆ ಇಳಿಯುವ ಹಾಗಿಲ್ಲ, ಪೇಟೆಗೆ ಹೋಗುವ ಮನಸ್ಸಿಲ್ಲ. ಹಾಗಾಗಿ ಅಕ್ಕಪಕ್ಕದ ಹದಿನೈದು ಇಪ್ಪತ್ತು ಜನ ಭಾನುವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಸೇರುತ್ತೇವೆ. ಒಂದು ಬಿಳಿ ಬೆಡ್‌ಶೀಟ್, ಒಂದು ಹಳೇ ಪ್ರೊಜೆಕ್ಟರ್, ಒಂದು ಪಾತ್ರೆ ಬೆಲ್ಲದ ಕಾಫಿ. ಈ ಮಳೆಗಾಲ ಹಳೆಯ ವ್ಯಂಗ್ಯ ಕಾದಂಬರಿಗಳಿಂದ ಮಾಡಿದ ಸಿನಿಮಾಗಳ ಸರದಿ. ಮುಗಿದ ಮೇಲೆ ಪ್ರತಿ ಸಲವೂ ಅವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಕೊಡಗಿನಲ್ಲಿ ಕೂತು ಇಂಗ್ಲೆಂಡಿನ ಹಳೇ ಕಥೆ ಯಾಕೆ?

ಇದು ಶುರುವಾಗಿದ್ದು ಒಂದು ಪದದಿಂದ. ನಮ್ಮ ಕಡೆ "ಮಗನಿಗೆ ಕಮಿಷನ್ ಆಯ್ತು" ಅಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಹುಡುಗ ಸೈನ್ಯದಲ್ಲಿ ಆಫೀಸರ್ ಆದ ಅಂತ ಅರ್ಥ. ಅದೇ ಮಾತನ್ನು ಬೆಂಗಳೂರಿನಲ್ಲಿ ಹೇಳಿ ನೋಡಿ. "ಎಷ್ಟು ಪರ್ಸೆಂಟ್?" ಅಂತ ಕೇಳುತ್ತಾರೆ.

ಬ್ರಿಟಿಷ್ ಸೈನ್ಯದಲ್ಲಿ ಈ ಎರಡೂ ಅರ್ಥ ಒಂದೇ ಆಗಿದ್ದ ಕಾಲವೊಂದಿತ್ತು ಅಂತ ನಾನು ಹೇಳಿದಾಗ ಪಕ್ಕದ ಮನೆ ಸುಬೇದಾರ್ ಮಾವ ಕಾಫಿ ಲೋಟ ಕೆಳಗಿಟ್ಟರು. "ಏನು, ದುಡ್ಡು ಕೊಟ್ಟು ಕ್ಯಾಪ್ಟನ್ ಆಗೋದಾ? ನಾನು ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿ ಆನರರಿ ಕ್ಯಾಪ್ಟನ್ ಕೂಡ ಆಗದೆ ಬಂದೆನಲ್ಲ!" ಗೇಟಿನ ಮೇಲೆ ಹೆಸರಿಗಿಂತ ಮೊದಲು ರ‍್ಯಾಂಕ್ ಬರೆಸುವ ಊರು ನಮ್ಮದು. ಇಲ್ಲಿನವರಿಗೆ ಈ ವಿಷಯ ಚುಚ್ಚಿದಷ್ಟು ಬೇರೆ ಯಾರಿಗೂ ಚುಚ್ಚಲಿಕ್ಕಿಲ್ಲ.

ಸೈನ್ಯದ ರ‍್ಯಾಂಕ್ ನಿಜವಾಗಿಯೂ ದುಡ್ಡಿಗೆ ಸಿಗುತ್ತಿತ್ತಾ, ಅಥವಾ ಲಂಚವಾ?

ಲಂಚ ಅಲ್ಲ, ಅದೇ ತಮಾಷೆ. ಸರ್ಕಾರವೇ ದರ ಗೊತ್ತು ಮಾಡಿತ್ತು. 1821ರ ದರಪಟ್ಟಿಯಲ್ಲಿ ಸಾಮಾನ್ಯ ಕಾಲಾಳು ರೆಜಿಮೆಂಟಿನಲ್ಲಿ ಎನ್‌ಸೈನ್ ಅಂದರೆ ಎಲ್ಲಕ್ಕಿಂತ ಕೆಳಗಿನ ಆಫೀಸರ್ ಹುದ್ದೆಗೆ 450 ಪೌಂಡ್, ಲೆಫ್ಟಿನೆಂಟಿಗೆ 700, ಕ್ಯಾಪ್ಟನ್‌ಗೆ 1,800, ಮೇಜರ್‌ಗೆ 3,200, ಲೆಫ್ಟಿನೆಂಟ್ ಕರ್ನಲ್‌ಗೆ 4,500. ಕುದುರೆ ಸೈನ್ಯ ಇನ್ನೂ ದುಬಾರಿ. ಬಡ್ತಿ ಬೇಕಾದರೆ ವ್ಯತ್ಯಾಸ ಕಟ್ಟಿದರಾಯಿತು. ಲೆಫ್ಟಿನೆಂಟ್ ಕ್ಯಾಪ್ಟನ್ ಆಗಬೇಕೆ? 1,100 ಪೌಂಡ್ ತನ್ನಿ. ಹಳೇ ಸ್ಕೂಟರ್ ಎಕ್ಸ್‌ಚೇಂಜ್ ಮಾಡಿ ಹೊಸದು ತಗೊಂಡ ಹಾಗೆ. ಕರ್ನಲ್ ಮತ್ತು ಮೇಲಿನ ಹುದ್ದೆಗಳು ಮಾತ್ರ ಮಾರಾಟಕ್ಕಿರಲಿಲ್ಲ.

ಪಟ್ಟಿಯ ದರ ಬೇರೆ, ಕೈಗೆ ಕೊಡುವ ದರ ಬೇರೆ. ಸೈಟು ರಿಜಿಸ್ಟ್ರೇಷನ್‌ನಲ್ಲಿ ನಮಗೆ ಇದು ಚೆನ್ನಾಗಿ ಗೊತ್ತು. ಹೆಸರಿರುವ ರೆಜಿಮೆಂಟಾದರೆ ಮೇಲಿಂದ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕಿತ್ತು. ನಡುವೆ ಏಜೆಂಟರು ಬೇರೆ. ಕಾಕ್ಸ್ ಅಂಡ್ ಕಿಂಗ್ಸ್ ಅಂತ ಟೂರಿಸ್ಟ್ ಕಂಪನಿಯ ಹೆಸರು ಕೇಳಿದ್ದೀರಲ್ಲ? ಅದರ ಮೂಲ 1758ರಲ್ಲಿ ರೆಜಿಮೆಂಟ್ ಏಜೆಂಟಾಗಿ ಶುರುವಾದ ಕಾಕ್ಸ್ ಅನ್ನುವವನ ವ್ಯವಹಾರ.

ಫಿರಂಗಿ ದಳ ಮತ್ತು ಎಂಜಿನಿಯರ್ ದಳದಲ್ಲಿ ಈ ಮಾರಾಟ ಇರಲಿಲ್ಲ. ಅಲ್ಲಿ ಲೆಕ್ಕ ಬರಬೇಕಿತ್ತಲ್ಲ. ಗುಂಡು ಎಲ್ಲಿ ಬೀಳುತ್ತದೆ ಅಂತ ಗೊತ್ತಿಲ್ಲದವನ ಕೈಗೆ ಫಿರಂಗಿ ಕೊಡುವಷ್ಟು ದಡ್ಡರು ಅವರಾಗಿರಲಿಲ್ಲ. ಸಾವಿರ ಜನರ ಪ್ರಾಣವನ್ನು ಮಾತ್ರ ಕೊಡುತ್ತಿದ್ದರು.

ಇದಕ್ಕೆ ಯಾರೂ ವಿರೋಧ ಮಾಡಲಿಲ್ವಾ?

ಮಾಡಿದರು. ಆದರೆ ಸಮರ್ಥಿಸಿದವರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಸೇನಾಪತಿ ವೆಲಿಂಗ್ಟನ್ನನೂ ಇದ್ದ. ಆಸ್ತಿ ಇರುವವನು ದಂಗೆ ಏಳುವುದಿಲ್ಲ, ಕಳೆದುಕೊಳ್ಳಲು ಏನಾದರೂ ಇದ್ದವನೇ ದೇಶಕ್ಕೆ ನಿಷ್ಠನಾಗಿರುತ್ತಾನೆ ಅನ್ನುವ ವಾದ. ಕ್ರಾಮ್ವೆಲ್ ಸೈನ್ಯ ಕಟ್ಟಿ ರಾಜನ ತಲೆ ತೆಗೆಸಿದ್ದನ್ನು ಅವರು ಮರೆತಿರಲಿಲ್ಲ.

1809ರಲ್ಲಿ ದೊಡ್ಡ ರಾದ್ಧಾಂತವಾಯಿತು. ಸೈನ್ಯದ ಮುಖ್ಯಸ್ಥ ಡ್ಯೂಕ್ ಆಫ್ ಯಾರ್ಕ್, ರಾಜನ ಸ್ವಂತ ಮಗ. ಅವನ ಪ್ರೇಯಸಿ ಮೇರಿ ಆನ್ ಕ್ಲಾರ್ಕ್ ದುಡ್ಡು ತಗೊಂಡು ಕಮಿಷನ್, ಬಡ್ತಿ ಕೊಡಿಸುತ್ತಾಳೆ ಅಂತ ಆರೋಪ ಬಂತು. ಪಾರ್ಲಿಮೆಂಟ್ ಅವಳನ್ನು ಕರೆಸಿ ಪ್ರಶ್ನೆ ಕೇಳಿತು. ಡ್ಯೂಕ್ ರಾಜೀನಾಮೆ ಕೊಟ್ಟ. ಎರಡು ವರ್ಷ ಬಿಟ್ಟು ಅದೇ ಕುರ್ಚಿಗೆ ವಾಪಸ್ ಬಂದ. ಯಾವುದೋ ಪರಿಚಯದ ಕಥೆ ಅನಿಸಿತಾ? ನನಗೂ ಹಾಗೇ ಅನಿಸಿತು. ಸಿಟ್ಟು ಬಂದದ್ದು ಮಾರಾಟಕ್ಕಲ್ಲ, ದುಡ್ಡು ನಿಯಮದ ದಾರಿ ಬಿಟ್ಟು ಬೇರೆ ಪೆಟ್ಟಿಗೆಗೆ ಹೋದದ್ದಕ್ಕೆ.

ಮಾರಾಟವೇ ನಿಂತದ್ದು 1871ರಲ್ಲಿ. ಮಂತ್ರಿ ಕಾರ್ಡ್‌ವೆಲ್ ತಂದ ಮಸೂದೆಯನ್ನು ಮೇಲ್ಮನೆಯವರು ತಡೆದಾಗ ಸರ್ಕಾರ ರಾಣಿಯಿಂದ ನೇರ ಆಜ್ಞೆಯನ್ನೇ ಹೊರಡಿಸಿತು. ಹುದ್ದೆ ಕೊಂಡಿದ್ದವರಿಗೆಲ್ಲ ಪರಿಹಾರ ಕೊಟ್ಟರು. ಅವರ ಆಸ್ತಿ ಹೋಯಿತಲ್ಲ, ಪಾಪ.

ಕೊಂಡ ಹುದ್ದೆ ಆಮೇಲೆ ಏನಾಗುತ್ತಿತ್ತು?

ಇದು ನನ್ನ ಇಷ್ಟದ ಪ್ರಶ್ನೆ. ರಿಟೈರ್ ಆಗುವಾಗ ಮಾರುತ್ತಿದ್ದರು. ಅದೇ ಅವರ ಪೆನ್ಷನ್. ಆದರೆ ಯುದ್ಧದಲ್ಲಿ ಸತ್ತರೆ ಸಾಮಾನ್ಯವಾಗಿ ಆ ದುಡ್ಡು ಮುಳುಗಿದಂತೆಯೇ. ಹೆಂಡತಿಯ ಕೈಗೆ ಬರುತ್ತಿರಲಿಲ್ಲ. ಖಾಲಿಯಾದ ಜಾಗ ದುಡ್ಡಿಲ್ಲದೆ ಕೆಳಗಿನವನಿಗೆ ಸಿಗುತ್ತಿತ್ತು. ಹಾಗಾಗಿ ಬಡ ಆಫೀಸರುಗಳು ಮೆಸ್ಸಿನಲ್ಲಿ ಗ್ಲಾಸ್ ಎತ್ತಿ "ರಕ್ತದ ಯುದ್ಧ ಬರಲಿ, ರೋಗದ ಕಾಲ ಬರಲಿ" ಅಂತ ಹಾರೈಸುವ ಪದ್ಧತಿಯೇ ಇತ್ತು.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಂಗ್ಲಿಷ್ ಲೇಖಕ ಥ್ಯಾಕರೆಯ ವ್ಯಾನಿಟಿ ಫೇರ್ ಕಾದಂಬರಿ ಓದಿ. ವಾಟರ್ಲೂ ಯುದ್ಧಕ್ಕೆ ಹೊರಡುವ ಮುಂಚೆ ರಾಡನ್ ಕ್ರಾಲಿ ಅನ್ನುವ ಸೋಮಾರಿ ಕ್ಯಾಪ್ಟನ್ ಹೆಂಡತಿಗಾಗಿ ಒಂದು ಚೀಟಿ ಬರೆಯುತ್ತಾನೆ. ತಾನು ಸತ್ತರೆ ಏನೇನು ಮಾರಬಹುದು ಅಂತ. ಕೋವಿ ನಲವತ್ತು ಗಿನ್ನಿ, ತುಪ್ಪಳದ ಒಳಪದರ ಇರುವ ಮೇಲಂಗಿ ಐವತ್ತು ಪೌಂಡ್, ಬೀಟೆ ಮರದ ಪೆಟ್ಟಿಗೆಯಲ್ಲಿರುವ ದ್ವಂದ್ವದ ಪಿಸ್ತೂಲು ಇಪ್ಪತ್ತು ಪೌಂಡ್. ಪಿಸ್ತೂಲಿನ ಪಕ್ಕ ಕಂಸದಲ್ಲಿ, ಇದರಲ್ಲೇ ಇಂಥ ಕ್ಯಾಪ್ಟನ್‌ಗೆ ಗುಂಡು ಹೊಡೆದಿದ್ದು ಅಂತ ಬೇರೆ ಬರೆದಿದ್ದಾನೆ, ರೇಟು ಜಾಸ್ತಿ ಬರಲಿ ಅನ್ನುವ ಹಾಗೆ. ಓದುವಾಗ ಮೊದಲು ನಗು ಬರುತ್ತದೆ. ಆಮೇಲೆ, ಇವನಿಗೆ ಹೆಂಡತಿ ಮೇಲೆ ನಿಜವಾಗಿಯೂ ಪ್ರೀತಿ ಇದೆ ಅಂತ ಹೊಳೆಯುತ್ತದೆ. ಹೆಂಡತಿ ಬೆಕಿ ಶಾರ್ಪ್ ಏನು ಮಾಡುತ್ತಾಳೆ? ಅವನು ಹೋದ ಮೇಲೆ ಕೂತು ತನ್ನದೇ ಒಡವೆ, ದುಡ್ಡಿನ ಲೆಕ್ಕ ಹಾಕುತ್ತಾಳೆ.

ಕಂಪನಿ ಸೈನ್ಯದಲ್ಲೂ ಹೀಗೇ ಇತ್ತಾ? ಕೊಡಗಿಗೆ ಬಂದವರು ರ‍್ಯಾಂಕ್ ಕೊಂಡವರಾ?

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಬಡ್ತಿ ಸೀನಿಯಾರಿಟಿ ಮೇಲೆ. ದುಡ್ಡಿಗೆ ಅಲ್ಲ. ಅದಕ್ಕೇ ಅಲ್ಲಿ ಬಿಳಿ ಗಡ್ಡದ ಕ್ಯಾಪ್ಟನ್‌ಗಳು ಜಾಸ್ತಿ. ಆದರೆ 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮೇಲೆ ಬಂದ ದಂಡಿನಲ್ಲಿ ಕಂಪನಿಯವರ ಜೊತೆ ಬ್ರಿಟಿಷ್ ರಾಜನ ರೆಜಿಮೆಂಟುಗಳೂ ಇದ್ದವು. 55ನೆಯ ರೆಜಿಮೆಂಟ್ ಅದರಲ್ಲೊಂದು. ಆ ರೆಜಿಮೆಂಟುಗಳಲ್ಲಿ ಕಮಿಷನ್ ಮಾರಾಟ ಸಾಮಾನ್ಯ ಪದ್ಧತಿ. ಅಂದರೆ ದುಡ್ಡು ಕೊಟ್ಟು ಆಫೀಸರ್ ಆಗುವ ಪದ್ಧತಿ ನಮ್ಮ ಕಾಡಿನ ಕಡಂಗಗಳವರೆಗೂ, ಅಂದರೆ ಹಳೇ ಯುದ್ಧದ ಕಂದಕಗಳವರೆಗೂ ಬಂದಿತ್ತು.

ಕಂಪನಿಯಲ್ಲಿ ಸೇರುವ ಬಾಗಿಲೇ ಬೇರೆ ಕಥೆ. ಸಿವಿಲ್ ಕೆಲಸದ ಮೊದಲ ಮೆಟ್ಟಿಲಿನ ಹೆಸರು ರೈಟರ್. ಹೌದು, ನಮ್ಮ ಎಸ್ಟೇಟಿನಲ್ಲಿ ಹಾಜರಿ ಬರೆಯುವವರನ್ನು ಇವತ್ತಿಗೂ ರೈಟರ್ ಅನ್ನುತ್ತೇವಲ್ಲ, ಅದೇ ಪದ. ಕಂಪನಿಯ ರೈಟರ್ ಕೆಲಸ ಡೈರೆಕ್ಟರುಗಳ ಶಿಫಾರಸಿನ ಮೇಲೆ ಸಿಗುತ್ತಿತ್ತು. ಅದನ್ನು ಮಾರುವುದು ತಪ್ಪು ಅಂತ ನಿಯಮ ಇತ್ತು, ಮಾರಾಟವೂ ಇತ್ತು. ಮಂತ್ರಿ ಕ್ಯಾಸಲ್‌ರೇ ಒಂದು ರೈಟರ್ ಕೆಲಸ ಕೊಟ್ಟು ಬದಲಿಗೆ ಗೆಳೆಯನಿಗೆ ಪಾರ್ಲಿಮೆಂಟ್ ಸೀಟು ಕೊಡಿಸಲು ನೋಡಿದ್ದು 1809ರಲ್ಲೇ ಬಯಲಾಯಿತು. ನಮ್ಮ ಮನೆ ರೈಟರಿಗೆ ಇದನ್ನು ಹೇಳಿದೆ. "ನನ್ನ ಕೆಲಸಕ್ಕೆ ಯಾವ ಎಂ.ಪಿ. ಸೀಟೂ ಯಾರೂ ಕೊಡಲ್ಲ ಬಿಡಿ" ಅಂದರು.

ಕಾರ್ಯಪ್ಪ, ತಿಮ್ಮಯ್ಯ ಅವರ ಕಾಲಕ್ಕೆ?

ಎಲ್ಲ ಮುಗಿದಿತ್ತು. ಕಾರ್ಯಪ್ಪನವರು ಇಂದೋರಿನ ಕೆಡೆಟ್ ಕಾಲೇಜಿನಿಂದ 1919ರಲ್ಲಿ, ತಿಮ್ಮಯ್ಯನವರು ಸ್ಯಾಂಡ್‌ಹರ್ಸ್ಟ್‌ನಿಂದ 1926ರಲ್ಲಿ ಆಫೀಸರ್ ಆದರು. ಆಯ್ಕೆ, ತರಬೇತಿ. ದಯವಿಟ್ಟು ಈ ಪ್ರಶ್ನೆಯನ್ನು ಸುಬೇದಾರ್ ಮಾವನ ಎದುರು ಕೇಳಬೇಡಿ.

ಜಮ್ಮಾ ಭೂಮಿಯೂ ಒಂದು ರೀತಿ ಹಾಗೇ ಅಲ್ವಾ?

ಉಲ್ಟಾ. ಜಮ್ಮಾ ಅಂದರೆ ರಾಜನಿಗೆ ಯುದ್ಧದಲ್ಲಿ ಸೇವೆ ಕೊಡುವುದಕ್ಕಾಗಿ ಕಡಿಮೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ಸಿಕ್ಕ ಭೂಮಿ. ಕರೆ ಬಂದರೆ ಕೋವಿ ಹಿಡಿದು ಹೊರಡಬೇಕು. ಬಂದೂಕಿನ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಕೊಡವರ ಜೊತೆಗೆ ಜಮ್ಮಾ ಹಿಡುವಳಿದಾರರಿಗೂ ಇರುವುದು ಆ ಹಳೆಯ ನಂಟಿನಿಂದ. ಮುಖ್ಯ ವಿಷಯ ಏನೆಂದರೆ, ಜಮ್ಮಾ ಭೂಮಿಯನ್ನು ಮನಸ್ಸು ಬಂದ ಹಾಗೆ ಮಾರುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಜಮೀನು ಮಾರಿ ಸೈನ್ಯದ ಹುದ್ದೆ ಕೊಂಡರು. ಇಲ್ಲಿ ಸೈನ್ಯದ ಕೆಲಸಕ್ಕೆ ಜಮೀನು ಸಿಕ್ಕಿತು, ಮಾರುವ ಹಾಗಿರಲಿಲ್ಲ. ನಮ್ಮದು ಪರಮ ಪವಿತ್ರ ಅಂತ ನಾನು ಹೇಳುತ್ತಿಲ್ಲ. ಆ ಭೂಮಿಯಲ್ಲಿ ದುಡಿದವರ ಕಥೆ ಬೇರೆಯೇ ಇದೆ. ಆದರೆ ಮಾರಬಹುದಾದ ಹುದ್ದೆಗೂ ಮಾರಲಾಗದ ಹೊಣೆಗೂ ವ್ಯತ್ಯಾಸ ಇದೆ. ಈ ಸಿನಿಮಾಗಳನ್ನೆಲ್ಲ ನಾನು ನೋಡುವುದು ಆ ಕಿಟಕಿಯಿಂದಲೇ.

ಪಾರ್ಲಿಮೆಂಟ್ ಸೀಟನ್ನು ಕೊಳ್ಳುವುದು ಅಂದರೆ ವೋಟಿಗೆ ದುಡ್ಡು ಹಂಚುವುದಾ?

ಅದೂ ಇತ್ತು. ಆದರೆ ಅದು ಚಿಲ್ಲರೆ ವ್ಯಾಪಾರ. ಹೋಲ್‌ಸೇಲ್ ಬೇರೆ ಇತ್ತು. ಕ್ಷೇತ್ರವನ್ನೇ ಕೊಂಡುಬಿಡುವುದು. ಅದಕ್ಕೆ "ಕೊಳೆತ ಕ್ಷೇತ್ರ" ಅಂತಲೇ ಹೆಸರು.

ಓಲ್ಡ್ ಸೇರಂ ಅನ್ನುವುದು ಒಂದು ಬೋಳು ಗುಡ್ಡ. ಊರು ಯಾವಾಗಲೋ ಕೆಳಗೆ ಹೋಗಿ ನೆಲೆಸಿತ್ತು. ಮನೆಯಿಲ್ಲ, ಜನ ಇಲ್ಲ, ಆದರೂ ಇಬ್ಬರು ಎಂ.ಪಿ.ಗಳು. 1831ರಲ್ಲಿ ಅಲ್ಲಿ ಹನ್ನೊಂದು ಮತದಾರರು, ಒಬ್ಬರೂ ಅಲ್ಲಿ ವಾಸ ಇದ್ದವರಲ್ಲ. ಮಾಂದಲಪಟ್ಟಿಯ ಗುಡ್ಡಕ್ಕೆ ಇಬ್ಬರು ಎಂ.ಪಿ. ಕೊಟ್ಟ ಹಾಗೆ. ಆ ಗುಡ್ಡವನ್ನು ಕೊಂಡವನು ಭಾರತದ ವ್ಯಾಪಾರದಲ್ಲಿ ದುಡ್ಡು ಮಾಡಿದ ಥಾಮಸ್ ಪಿಟ್, ಆಮೇಲೆ ಮದರಾಸಿನ ಗವರ್ನರ್ ಆದವನು. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಆ ಗುಡ್ಡದಿಂದಲೇ ಪಾರ್ಲಿಮೆಂಟಿಗೆ ಹೋದ, ಮುಂದೆ ಪ್ರಧಾನಿಯಾದ. ನಮ್ಮ ಕಡಲತೀರದಲ್ಲಿ ಗಳಿಸಿದ ಲಾಭ ಅಲ್ಲಿ ಕುರ್ಚಿಯಾಯಿತು.

ವ್ಯಾನಿಟಿ ಫೇರ್‌ನಲ್ಲಿ ಸರ್ ಪಿಟ್ ಕ್ರಾಲಿ ಅನ್ನುವ ಜಿಪುಣ ಜಮೀನ್ದಾರ ಇಂಥದೇ ಕ್ಷೇತ್ರದ ಮಾಲೀಕ. ಕೊಳೆತ ಕ್ಷೇತ್ರ ಅಂದರೆ ಅವನಿಗೆ ಸಿಟ್ಟು. ಕೊಳೆತರೆ ಏನು, ವರ್ಷಕ್ಕೆ 1,500 ಪೌಂಡ್ ಬರುತ್ತದಲ್ಲ ಅನ್ನುತ್ತಾನೆ. ಎರಡನೇ ಸೀಟನ್ನು ಬಾಡಿಗೆಗೆ ಕೊಟ್ಟಿದ್ದಾನೆ. ಬಾಡಿಗೆದಾರ ಗುಲಾಮಗಿರಿ ವಿಷಯದಲ್ಲಿ ತನಗೆ ಬೇಕಾದ ಹಾಗೆ ವೋಟು ಹಾಕಬಹುದು, ಸರ್ ಪಿಟ್ ತಲೆ ಕೆಡಿಸಿಕೊಳ್ಳುವುದಿಲ್ಲ. ಇಡೀ ಕಾದಂಬರಿಯಲ್ಲಿ ಇದಕ್ಕೆ ನಾಲ್ಕೈದು ಸಾಲು ಇರಬಹುದು, ಅಷ್ಟೇ. ಸುಮ್ನೆ ಹೇಳಿ ಮುಂದೆ ಹೋಗಿಬಿಡುತ್ತಾನೆ ಥ್ಯಾಕರೆ.

1832ರ ಸುಧಾರಣಾ ಕಾಯ್ದೆ ಇಂಥ ಬಹಳಷ್ಟು ಕ್ಷೇತ್ರಗಳನ್ನು ತೆಗೆದುಹಾಕಿತು. ಆದರೆ ಗುಟ್ಟಾಗಿ ವೋಟು ಹಾಕುವ ಪದ್ಧತಿ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಎಲ್ಲರೆದುರು ಹೆಸರು ಹೇಳಿ ವೋಟು. ದುಡ್ಡು ಕೊಟ್ಟವನಿಗೆ ರಸೀದಿ ಸಿಕ್ಕ ಹಾಗೆ.

ಈ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ ಥ್ಯಾಕರೆನಾ?

ಅಲ್ಲ, ಆದರೆ ಸಂಬಂಧ ಇದೆ! 1824ರಲ್ಲಿ ಕಿತ್ತೂರಿನ ಕೋಟೆ ಎದುರು ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಈ ಕಾದಂಬರಿಕಾರನ ಚಿಕ್ಕಪ್ಪ. 1961ರ ಕಿತ್ತೂರು ಚೆನ್ನಮ್ಮ ಸಿನಿಮಾದಲ್ಲಿ ನೋಡಿದ್ದೀರಲ್ಲ, ಆತ. ಕಾದಂಬರಿಕಾರ ವಿಲಿಯಂ ಥ್ಯಾಕರೆ ಹುಟ್ಟಿದ್ದೂ ಕಲ್ಕತ್ತಾದಲ್ಲಿ, 1811ರಲ್ಲಿ. ಅಪ್ಪ ಕಂಪನಿಯ ಅಧಿಕಾರಿ. ಅಜ್ಜ ಸಿಲ್ಹೆಟ್‌ನಲ್ಲಿ ಕಂಪನಿ ಕೆಲಸದಲ್ಲಿದ್ದುಕೊಂಡೇ ಆನೆ ಹಿಡಿಸಿ ಮಾರಿ ದುಡ್ಡು ಮಾಡಿದವನು. ದುಬಾರೆ ಆನೆ ಶಿಬಿರದವರು ಕೇಳಿಸಿಕೊಳ್ಳಿ.

ಹಾಗಾಗಿ ಹುದ್ದೆಯಿಂದ ದುಡ್ಡು, ದುಡ್ಡಿಂದ ಹುದ್ದೆ ಅನ್ನುವ ಚಕ್ರ ಅವನಿಗೆ ಪುಸ್ತಕದ ವಿಷಯ ಆಗಿರಲಿಲ್ಲ, ಮನೆ ಮಾತಾಗಿತ್ತು. ವ್ಯಾನಿಟಿ ಫೇರ್‌ನ ಡೊಳ್ಳು ಹೊಟ್ಟೆಯ ಜಾಸ್ ಸೆಡ್ಲಿಯೂ ಬಂಗಾಳದ ಕಲೆಕ್ಟರೇ. ಇನ್ನೊಂದು ವಿಷಯ. ನಮ್ಮ ಚಿಕ್ಕವೀರರಾಜೇಂದ್ರ ತನ್ನ ದುಡ್ಡು ಕೊಡಿ ಅಂತ ಕಂಪನಿ ಮೇಲೆ ಕೇಸು ಹಾಕಿ 1850ರ ದಶಕದಲ್ಲಿ ಲಂಡನ್ನಿನಲ್ಲಿ ಇದ್ದನಲ್ಲ, ಆಗ ಥ್ಯಾಕರೆಯೂ ಅದೇ ಊರಿನಲ್ಲಿದ್ದ.

ಯಾವ ಸಿನಿಮಾದಿಂದ ಶುರು ಮಾಡಬೇಕು?

ಬ್ಯಾರಿ ಲಿಂಡನ್. 1975, ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್. ಥ್ಯಾಕರೆ 1844ರಲ್ಲಿ ಬರೆದ ಕಾದಂಬರಿ. ಮೂರು ಗಂಟೆ ಮೀರುತ್ತದೆ, ನಿಧಾನ. ಮೊದಲ ಅರ್ಧ ಗಂಟೆಯಲ್ಲಿ ಇಬ್ಬರು ಎದ್ದು ಹೋದರು. ಉಳಿದವರು ಊಟ ಮರೆತು ಕೂತರು.

ಐರ್ಲೆಂಡಿನ ಬಡ ಹುಡುಗ ರೆಡ್ಮಂಡ್ ಬ್ಯಾರಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರುತ್ತಾನೆ. ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದ ಆಫೀಸರೊಬ್ಬನ ಕೋಟು, ಕಾಗದ, ಕುದುರೆ ಕದ್ದು ಓಡುತ್ತಾನೆ. ಕೋಟು ಹಾಕಿದ ಕ್ಷಣದಿಂದ ಎಲ್ಲರೂ ಅವನಿಗೆ ತಲೆ ಬಾಗುತ್ತಾರೆ. ಮುಖ ಅದೇ, ಗುಂಡಿ ಬೇರೆ. ಮುಂದೆ ಶ್ರೀಮಂತ ವಿಧವೆಯನ್ನು ಮದುವೆಯಾಗುತ್ತಾನೆ. ಆಸ್ತಿ ಹೆಂಡತಿಯದು, ಅವಳು ಸತ್ತರೆ ಮಲಮಗನದು. ತನ್ನದು ಅಂತ ಏನಾದರೂ ಬೇಕಾದರೆ ಬಿರುದು ಬೇಕು, ಲಾರ್ಡ್ ಆಗಬೇಕು. ಅಲ್ಲಿಂದ ದುಡ್ಡು ನೀರಿನ ಹಾಗೆ ಹರಿಯುತ್ತದೆ. ಔತಣ, ಉಡುಗೊರೆ, ಗೊತ್ತಿಲ್ಲದ ಕಲಾವಿದನ ಚಿತ್ರದ ಮುಂದೆ ನಿಂತು ನೀಲಿ ಬಣ್ಣ ಚೆನ್ನಾಗಿದೆ ಅನ್ನುವುದು.

ನಮ್ಮ ಜಗಲಿಯಲ್ಲಿ ಜೋರಾಗಿ ನಗು ಎದ್ದದ್ದು ರಾಜನ ಎದುರಿನ ದೃಶ್ಯಕ್ಕೆ. ಬ್ಯಾರಿ ತನ್ನ ಖರ್ಚಿನಲ್ಲಿ ಅಮೆರಿಕದ ಯುದ್ಧಕ್ಕೆ ಒಂದು ತುಕಡಿ ಕಟ್ಟಿ ಕಳಿಸಿದ್ದಾನೆ. ರಾಜನನ್ನು ಕಾಣಲು ಬಂದವರ ಸಾಲಿನಲ್ಲಿ ನಿಂತಿದ್ದಾನೆ. ಮೂರನೇ ಜಾರ್ಜ್ ಬರುತ್ತಾನೆ. ಒಳ್ಳೇದು, ಇನ್ನೊಂದು ತುಕಡಿ ಕಟ್ಟು, ಅದರ ಜೊತೆ ನೀನೂ ಹೋಗು ಅಂತ ಹೇಳಿ ಮುಂದಿನವರ ಕಡೆ ತಿರುಗುತ್ತಾನೆ. ಅಷ್ಟೇ. ಅಷ್ಟು ದುಡ್ಡಿಗೆ ಸಿಕ್ಕಿದ್ದು ಆ ಒಂದು ಮಾತು. ಬಿರುದು ಕೊನೆಗೂ ಸಿಗುವುದಿಲ್ಲ. ಕೊಡುವವರು ಒಬ್ಬರೂ "ಇಲ್ಲ" ಅನ್ನುವುದಿಲ್ಲ. ಆಮೇಲೆ ನೋಡೋಣ ಅನ್ನುತ್ತಾರೆ. ಅರ್ಜಿ ಹಿಡಿದು ಸರ್ಕಾರಿ ಕಚೇರಿಗೆ ಅಲೆದವರಿಗೆ ಆ "ನೋಡೋಣ" ಚೆನ್ನಾಗಿ ಗೊತ್ತು.

ಮೇಣದ ಬತ್ತಿ ಬೆಳಕಿನಲ್ಲೇ ಶೂಟಿಂಗ್ ಮಾಡಿದ್ದು ನಿಜವಾ?

ನಿಜ. ರಾತ್ರಿಯ ಇಸ್ಪೀಟಾಟದಂಥ ದೃಶ್ಯಗಳಿಗೆ ನಾಸಾಕ್ಕಾಗಿ ಝೈಸ್ ಕಂಪನಿ ಮಾಡಿದ್ದ, ತುಂಬಾ ಕಡಿಮೆ ಬೆಳಕಿಗೂ ಸಾಕಾಗುವ ಲೆನ್ಸ್ ಬಳಸಿದರು. ಛಾಯಾಗ್ರಹಣವೂ ಸೇರಿ ನಾಲ್ಕು ಆಸ್ಕರ್ ಬಂತು. ನಮ್ಮ ಪ್ರದರ್ಶನದ ದಿನ ಅದೇ ದೃಶ್ಯದ ನಡುವೆ ಕರೆಂಟ್ ಹೋಯಿತು. ಚಿಮಣಿ ಹಚ್ಚಿ ಅರ್ಧ ಗಂಟೆ ಕೂತೆವು. ಎಲ್ಲರ ಮುಖವೂ ಕ್ಯೂಬ್ರಿಕ್ ತೆಗೆದ ಹಾಗೇ ಕಾಣುತ್ತಿತ್ತು.

ವ್ಯಾನಿಟಿ ಫೇರ್ ಯಾವುದನ್ನು ನೋಡಬೇಕು?

ಎರಡು ನೋಡಿ. 1935ರ ಬೆಕಿ ಶಾರ್ಪ್, ರೂಬೆನ್ ಮಮೂಲಿಯನ್ ನಿರ್ದೇಶನ. ಹೊಸ ಮೂರು ಬಣ್ಣದ ಟೆಕ್ನಿಕಲರ್ ಪದ್ಧತಿಯಲ್ಲಿ ಪೂರ್ತಿಯಾಗಿ ತೆಗೆದ ಮೊದಲ ಕಥಾಚಿತ್ರ ಅದು. ವಾಟರ್ಲೂ ಯುದ್ಧಕ್ಕೆ ಸ್ವಲ್ಪ ಮುಂಚಿನ ನೃತ್ಯಕೂಟದಲ್ಲಿ ಫಿರಂಗಿ ಸದ್ದು ಕೇಳುತ್ತದೆ. ಜನ ಓಡುತ್ತಾರೆ. ಓಟದಲ್ಲಿ ಬಣ್ಣಗಳು ಒಂದೊಂದಾಗಿ ಬಿಸಿಯಾಗುತ್ತ ಕೊನೆಗೆ ಆಫೀಸರುಗಳ ಕೆಂಪು ಪರದೆಯ ತುಂಬ ತುಂಬಿಕೊಳ್ಳುತ್ತದೆ. ಅಲ್ಲಿ ಓಡುವ ಕೆಂಪು ಕೋಟುಗಳ ಬೆಲೆ ಗೊತ್ತಿದ್ದರೆ ದೃಶ್ಯಕ್ಕೆ ಬೇರೆಯೇ ತೂಕ ಬರುತ್ತದೆ.

2004ರದ್ದು ಮೀರಾ ನಾಯರ್ ಅವರದ್ದು. ರೀಸ್ ವಿದರ್‌ಸ್ಪೂನ್ ಬೆಕಿ, ಬಾಬ್ ಹಾಸ್ಕಿನ್ಸ್ ಸರ್ ಪಿಟ್. ಭಾರತದ ನೆನಪು ಎಲ್ಲ ಕಡೆ ಇದೆ. ಕೊನೆಗೆ ಬೆಕಿ ಜಾಸ್ ಜೊತೆ ಆನೆ ಮೇಲೆ ಕೂತು ಹೊರಡುತ್ತಾಳೆ. ಕಾದಂಬರಿಯಲ್ಲಿ ಹಾಗೆ ಇಲ್ಲ. ಅಲ್ಲಿ ಜಾಸ್ ಅನುಮಾನ ಬರುವ ರೀತಿಯಲ್ಲಿ ಸಾಯುತ್ತಾನೆ, ಬೆಕಿಗೆ ವಿಮೆ ದುಡ್ಡು ಬರುತ್ತದೆ. ಸಿನಿಮಾದ ಬೆಕಿ ತುಂಬಾ ಒಳ್ಳೆಯವಳು. ನನಗೆ ಅದು ಹಿಡಿಸಲಿಲ್ಲ. ನನ್ನ ತಂಗಿಗೆ ಅದೇ ಹಿಡಿಸಿತು. ಜಗಳ ಇನ್ನೂ ಮುಗಿದಿಲ್ಲ.

ಓದುವಾಗ ಬರುವ ನಗು ಸಿನಿಮಾದಲ್ಲಿ ಯಾಕೆ ಕಡಿಮೆ?

ಕಥೆ ಹೇಳುವವನು ಕಳೆದುಹೋಗುತ್ತಾನೆ, ಅದಕ್ಕೆ. ಥ್ಯಾಕರೆ ಹರಿಕಥೆ ದಾಸರ ಹಾಗೆ. ಕಥೆ ನಿಲ್ಲಿಸಿ, ಕೂತವರ ಕಡೆ ತಿರುಗಿ, ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ ಅಂತ ಕೆಣಕುತ್ತಾನೆ. ತನ್ನ ಪಾತ್ರಗಳು ಗೊಂಬೆಗಳು ಅಂತ ಅವನೇ ಹೇಳಿಕೊಳ್ಳುತ್ತಾನೆ. ಸಿನಿಮಾದಲ್ಲಿ ಗೊಂಬೆ ಮಾತ್ರ ಉಳಿದು, ಆಡಿಸುವವನ ದನಿ ಹೋದರೆ ಬರೀ ಚಂದದ ಬಟ್ಟೆ, ಸಾರೋಟು, ನೃತ್ಯ. ಬೈಯಲು ಹೊರಟ ವೈಭವವನ್ನೇ ಮೆರೆಸಿದ ಹಾಗೆ.

ಕ್ಯೂಬ್ರಿಕ್ ಇದನ್ನು ಜಾಣತನದಿಂದ ಬಗೆಹರಿಸಿದ. ಕಾದಂಬರಿಯಲ್ಲಿ ಬ್ಯಾರಿ ತಾನೇ ತನ್ನ ಕಥೆ ಕೊಚ್ಚಿಕೊಳ್ಳುತ್ತಾನೆ, ಅವನ ಸುಳ್ಳು ನಮಗೆ ಗೊತ್ತಾಗುತ್ತಾ ಹೋಗುತ್ತದೆ. ಸಿನಿಮಾದಲ್ಲಿ ತಣ್ಣನೆಯ ಗಂಡು ದನಿಯೊಂದು ಕಥೆ ಹೇಳುತ್ತದೆ. ಬ್ಯಾರಿ ಒಂಟಿಯಾಗಿ, ಬಡವನಾಗಿ, ಮಕ್ಕಳಿಲ್ಲದೆ ಸಾಯುತ್ತಾನೆ ಅಂತ ಮುಂಚೆಯೇ ಹೇಳಿಬಿಡುತ್ತದೆ. ಆಮೇಲೆ ಅವನ ಪ್ರತಿ ಖರ್ಚೂ ನೋಡುವವರಿಗೆ ನೋವಾಗಿ ಕಾಣುತ್ತದೆ.

ಡಿಕನ್ಸ್ ಯಾಕೆ ಬಿಟ್ಟಿರಿ?

ಬಿಟ್ಟಿಲ್ಲ. ಅವರ್ ಮ್ಯೂಚುಯಲ್ ಫ್ರೆಂಡ್‌ನಲ್ಲಿ ವೆನಿಯರಿಂಗ್ ಅನ್ನುವ ಹೊಸ ಶ್ರೀಮಂತ ಇದ್ದಾನೆ. ಪಾಕೆಟ್ ಬ್ರೀಚಸ್ ಅನ್ನುವ ಕ್ಷೇತ್ರ ಅವನಿಗೆ 5,000 ಪೌಂಡ್‌ಗೆ ಸಿಗುತ್ತದೆ. ಹೆಸರೇ ಚಡ್ಡಿ ಜೇಬು! ದುಡ್ಡು ಕೊಟ್ಟ ಮೇಲೆ ಸೀಟು ಖಾತ್ರಿ. ಆದರೂ ಗೆಳೆಯರೆಲ್ಲ ಗಾಡಿ ಹತ್ತಿ ಲಂಡನ್ ತುಂಬ ಓಡಾಡುತ್ತಾರೆ. ನಾವು ಕೆಲಸ ಮಾಡಬೇಕು, ಕೆಲಸ ಮಾಡಬೇಕು ಅಂತ. ಯಾರನ್ನು ಕಾಣಬೇಕು, ಏನು ಹೇಳಬೇಕು, ಒಬ್ಬರಿಗೂ ಗೊತ್ತಿಲ್ಲ. ಚುನಾವಣೆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಸುಮ್ನೆ ಮೇಲೆ ಕೆಳಗೆ ಓಡುವ ಜೀಪುಗಳು ನೆನಪಾಗುತ್ತವೆ. ಇದು 1998ರಲ್ಲಿ ಬಿಬಿಸಿ ಧಾರಾವಾಹಿಯಾಗಿ ಬಂದಿದೆ. ಒಂದೇ ಸಂಜೆಗೆ ಮುಗಿಯುವುದಿಲ್ಲ, ಎರಡು ಭಾನುವಾರ ಇಟ್ಟುಕೊಳ್ಳಿ.

ಬಿರುದುಗಳನ್ನೂ ಮಾರುತ್ತಿದ್ದರಾ?

1611ರಲ್ಲಿ ಮೊದಲನೇ ಜೇಮ್ಸ್ ಬ್ಯಾರೊನೆಟ್ ಅನ್ನುವ ಹೊಸ ಬಿರುದನ್ನೇ ಹುಟ್ಟಿಸಿ 1,095 ಪೌಂಡ್ ದರ ಇಟ್ಟ. ಮೂವತ್ತು ಸೈನಿಕರನ್ನು ಮೂರು ವರ್ಷ ಸಾಕುವ ಖರ್ಚು ಅದು. 20ನೆಯ ಶತಮಾನದಲ್ಲಿ ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಮತ್ತೆ ಜೋರು ವ್ಯಾಪಾರ ನಡೆದು 1925ರಲ್ಲಿ ಅದನ್ನು ತಡೆಯಲು ಕಾನೂನೇ ಬಂತು.

ನಮ್ಮ ಸಂವಿಧಾನದ 18ನೆಯ ವಿಧಿ ಸರ್ಕಾರ ಬಿರುದು ಕೊಡುವುದನ್ನೇ ನಿಲ್ಲಿಸಿದೆ, ಸೈನ್ಯದ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು. ರಾವ್ ಬಹದ್ದೂರ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಪದ್ಮ ಪ್ರಶಸ್ತಿಯನ್ನೂ ಹೆಸರಿಗೆ ಅಂಟಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಹಾಗಾಗಿ ಈಗ ಕೊಳ್ಳುವವರ ಕಣ್ಣು ವಿದ್ಯೆಯ ಕಡೆಗೆ ತಿರುಗಿದೆ. ಮದುವೆ ಕಾರ್ಡುಗಳಲ್ಲಿ "ಡಾ." ಎಷ್ಟು ಹೆಚ್ಚಾಗಿದೆ ಗಮನಿಸಿದ್ದೀರಾ?

ಈಗ ನಮ್ಮಲ್ಲಿ ಇದೆಲ್ಲ ಇದೆಯಾ?

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಹೊತ್ತಿಗೆ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಪೇಪರಿನಲ್ಲಿ ಬಂತು. ದುಡ್ಡು ದೇವಸ್ಥಾನಕ್ಕೆ, ಸೀಟು ಅವಿರೋಧ. ಕಾನೂನಿನಲ್ಲಿ ವೋಟಿಗೆ ಲಂಚ ಭಾರತೀಯ ನ್ಯಾಯ ಸಂಹಿತೆಯ 170ನೆಯ ಸೆಕ್ಷನ್. ಶಿಕ್ಷೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಊಟ, ಕುಡಿತದ ರೂಪದ ಲಂಚಕ್ಕೆ ಬರೀ ದಂಡ. ಈ ಕೊನೆಯ ಸಾಲು ಓದಿದಾಗ ಜಗಲಿಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮ ಮನೆಯದೇ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಒಂದು ಸಣ್ಣ ಸಂಘದ ಡೈರೆಕ್ಟರ್ ಸ್ಥಾನಕ್ಕೆ ನಿಂತರು. ಅವರು ತೀರಿಕೊಂಡ ಮೇಲೆ ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಪಟ್ಟಿ ಸಿಕ್ಕಿತು. ಹಂದಿ ಎರಡು. ಕ್ಯಾಂಟೀನ್ ರಮ್ ಹದಿನೆಂಟು. ಜೀಪಿಗೆ ಡೀಸೆಲ್. ಇಂಥವರ ಮನೆಗೆ ತಗಡು, ಅರ್ಧ ಡಜನ್. ತಗಡಿನ ಪಕ್ಕ ಕಂಸದಲ್ಲಿ, "ವೋಟು ಹಾಕಿದರೋ ಇಲ್ಲವೋ ದೇವರಿಗೇ ಗೊತ್ತು." ಗೆದ್ದರು. ಮೊದಲ ಮೀಟಿಂಗಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಪ್ರಯಾಣ ಭತ್ಯೆ ಎಷ್ಟು ಅಂತ. ಕೆಟ್ಟ ಮನುಷ್ಯ ಅಲ್ಲ. ಹಾಕಿದ್ದು ತೆಗೆಯಬೇಕಲ್ಲ. ರಾಡನ್ ಕ್ರಾಲಿಯ ಚೀಟಿ ಓದಿದಾಗಲೆಲ್ಲ ನನಗೆ ಕಾಣುವುದು ಆ ಪೆನ್ಸಿಲ್ ಅಕ್ಷರವೇ.

ಕನ್ನಡದಲ್ಲಿ ಇಂಥ ಸಿನಿಮಾ ಇಲ್ವಾ?

ಹುದ್ದೆ ಕೊಂಡವರ ಬಗ್ಗೆ ಈ ಮಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಏನನ್ನೂ ಕೊಳ್ಳಲಾಗದವನ ಬಗ್ಗೆ ಇದೆ. ತೇಜಸ್ವಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ತಬರನ ಕಥೆ. ಬ್ಯಾರಿ ಲಿಂಡನ್ ನೋಡಿದ ಮರುವಾರ ಅದನ್ನು ಹಾಕಿದೆವು. ಅಲ್ಲಿ ಬಿರುದಿಗೆ ಅಲೆದಾಟ, ಇಲ್ಲಿ ಪೆನ್ಷನ್ನಿಗೆ. ಎರಡೂ ಕಡೆ ಅದೇ "ನೋಡೋಣ." ಆ ರಾತ್ರಿ ಪ್ರಶ್ನೆ ಕೇಳಲು ಯಾರೂ ನಿಲ್ಲಲಿಲ್ಲ. ಕೊಡೆ ಬಿಡಿಸಿಕೊಂಡು ಸುಮ್ಮನೆ ಹೊರಟರು.

ಮುಂದಿನ ಪ್ರದರ್ಶನ ಯಾವಾಗ? ಏನು ತರಬೇಕು?

ಕೈಲ್ ಮುಹೂರ್ತ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬ ಕಳೆದ ಮೇಲಿನ ಭಾನುವಾರ, ಸಂಜೆ ಐದಕ್ಕೆ. ಕಾಫಿ ಕೊಯ್ಲು ಶುರುವಾದರೆ ಕೂಟ ಬಂದ್. ಕುರ್ಚಿ ಕಡಿಮೆ ಇದೆ, ಚಾಪೆ ತನ್ನಿ, ಟಾರ್ಚ್ ತನ್ನಿ. ಗದ್ದೆ ಬದುವಿನಲ್ಲಿ ಬರುವವರು ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಮುಂದಿನ ಸಾಲಿನ ಬೆತ್ತದ ಕುರ್ಚಿ ಮಾತ್ರ ಸುಬೇದಾರ್ ಮಾವನದು. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಎಷ್ಟು ಕೊಟ್ಟರೂ.